ಕಡಲಾಚೆ ದುಡಿಯುವವರ ಮನೆಯ ಹಂಬಲ

ಹೋದ ಬೇಸಿಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನಿಂದ ಕನ್ನಡ ಹೇಳಿಸಿಕೊಂಡವಳು. ಈಗ ಅರಬರ ನಾಡಿನ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ನಮ್ಮ ಕರಾವಳಿಯ ಊರುಗಳಲ್ಲಿ ಹಾಗೆ ಹೋದವರು ಬೀದಿಗೊಬ್ಬರಂತೆ ಸಿಕ್ಕುತ್ತಾರೆ, ಹೊಸ ಸಂಗತಿಯೇನಲ್ಲ. ಖರ್ಜೂರದ ಪೊಟ್ಟಣವನ್ನು ನನ್ನ ಹೆಂಡತಿಯ ಕೈಗಿತ್ತು ಕುಳಿತಳು. ಉಭಯಕುಶಲೋಪರಿ ಮುಗಿದ ಮೇಲೆ, ಇಂಥವರನ್ನು ಕಂಡಾಗ ಎಲ್ಲರೂ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ: “ಏನಮ್ಮ, ಅಲ್ಲಿ ಮನೆಯ ನೆನಪಾಗುವುದಿಲ್ಲವೆ?”

“ಆಗದೆ ಉಂಟೇ ಸರ್? ಮೊದಲ ವರ್ಷ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಆಮೇಲೆ ನನ್ನ ಕೋಣೆಯವಳನ್ನು ನೋಡಿ ಕಲಿತೆ” ಎಂದಳು.

ಕೋಣೆಯವಳು ಫಿಲಿಪೀನ್ಸ್ ದೇಶದವಳು. ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಇವಳು ಅವಳನ್ನು ‘ಆತೆ’ ಎಂದು ಕರೆಯುತ್ತಾಳಂತೆ. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ಆ ಆತೆಯ ಮಂಚದ ಬದಿಯಲ್ಲಿ ಮೊಣಕಾಲೆತ್ತರದ ಒಂದು ರಟ್ಟಿನ ಪೆಟ್ಟಿಗೆ ಬಾಯಿ ತೆರೆದುಕೊಂಡು ಸದಾ ಇರುತ್ತದೆ. ಮಕ್ಕಳ ನೆನಪು ತಡೆಯಲಾರದಷ್ಟು ಬಂದ ದಿನ ಅವಳು ಅಳುತ್ತ ಕೂರುವುದಿಲ್ಲ. ಅಂಗಡಿಗೆ ಹೋಗಿ ಒಂದು ಸಾಬೂನನ್ನೋ ಒಂದು ಜೊತೆ ಕಾಲುಚೀಲವನ್ನೋ ತಂದು ಆ ಪೆಟ್ಟಿಗೆಯೊಳಗೆ ಇಡುತ್ತಾಳೆ. ಪೆಟ್ಟಿಗೆ ತುಂಬಿದಾಗ ಊರಿಗೆ ಹೊರಡುತ್ತದೆ. ಮರುದಿನವೇ ಹೊಸ ಪೆಟ್ಟಿಗೆ ಬರುತ್ತದೆ.

ಈ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಆ ಜನರ ವಿಷಯವಾಗಿ ಕೈಗೆ ಸಿಕ್ಕಿದ್ದನ್ನು ಓದಿದೆ, ಬಲ್ಲವರನ್ನು ವಿಚಾರಿಸಿದೆ. ಹಾಗೆ ತಿಳಿದುದರಲ್ಲಿ ಕೆಲವನ್ನು ಇಂದು ತಮ್ಮ ಮುಂದಿಡುತ್ತೇನೆ.

ಫಿಲಿಪೀನ್ಸ್ ಏಳು ಸಾವಿರದ ಆರುನೂರಕ್ಕೂ ಮಿಕ್ಕಿದ ದ್ವೀಪಗಳ ದೇಶ. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಸ್ಪೇನಿನವರೂ ಆಮೇಲೆ ಅಮೆರಿಕದವರೂ ಆಳಿ, 1946ರಲ್ಲಿ ಅದು ಸ್ವತಂತ್ರವಾಯಿತು. ಕೂಲಿಗಾಗಿ ಕಡಲು ದಾಟುವುದು ಅವರಿಗೆ ಅದಕ್ಕೂ ಮೊದಲೇ ಒದಗಿತ್ತು. 1906ರ ಡಿಸೆಂಬರಿನಲ್ಲಿ ಹದಿನೈದು ಮಂದಿ ಹವಾಯಿ ದ್ವೀಪದ ಕಬ್ಬಿನ ತೋಟಗಳಿಗೆ ಹೋಗಿ ಇಳಿದರು; ಅವರ ಹಿಂದೆ ಸಾವಿರಾರು ಮಂದಿ ಹೋದರು. ಆದರೆ ದೇಶಕ್ಕೆ ದೇಶವೇ ಹೊರಗೆ ದುಡಿಯಹೊರಟದ್ದು 1974ರಲ್ಲಿ ಅಧ್ಯಕ್ಷ ಮಾರ್ಕೋಸ್ ಹೊಸ ಕಾರ್ಮಿಕ ಶಾಸನವನ್ನು ತಂದ ಮೇಲೆ. ಆಗ ತೈಲದ ಬೆಲೆ ಏರಿ ಅರಬರ ನಾಡುಗಳಲ್ಲಿ ಕಟ್ಟಡಗಳು ಏಳುತ್ತಿದ್ದವು, ಇಲ್ಲಿ ಉದ್ಯೋಗವಿರಲಿಲ್ಲ. ತಾತ್ಕಾಲಿಕ ಏರ್ಪಾಡೆಂದು ತೊಡಗಿದ್ದು ಐವತ್ತು ವರ್ಷಗಳಾದರೂ ಮುಗಿದಿಲ್ಲ. ಒಪ್ಪಂದದ ಮೇಲೆ ಹೊರಗೆ ದುಡಿಯುವವರು ಇಪ್ಪತ್ತು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೆಂಗಸರು. ಅಲ್ಲಲ್ಲೇ ನೆಲಸಿದವರನ್ನೂ ಕೂಡಿಸಿದರೆ ಲೆಕ್ಕ ಕೋಟಿಯ ಸಮೀಪಕ್ಕೆ ಹೋಗುತ್ತದೆ. 2023ರಲ್ಲಿ ಇವರೆಲ್ಲ ಮನೆಗೆ ಕಳಿಸಿದ ಹಣ 3,700 ಕೋಟಿ ಡಾಲರಿಗೂ ಮೀರಿತ್ತು. ಆ ದೇಶದ ಒಟ್ಟು ಉತ್ಪನ್ನದಲ್ಲಿ ಹೆಚ್ಚುಕಡಮೆ ಹನ್ನೆರಡರಲ್ಲೊಂದು ಪಾಲಿನಷ್ಟು.

1988ರಲ್ಲಿ ಅಧ್ಯಕ್ಷೆ ಕೊರಸಾನ್ ಅಕಿನೊ ಅವರು ಹಾಂಕಾಂಗಿನಲ್ಲಿ ಮನೆಗೆಲಸದ ಹೆಂಗಸರನ್ನು ಕಂಡು, ನೀವೇ ನಮ್ಮ ಹೊಸ ವೀರರು ಎಂಬರ್ಥದ ಮಾತಾಡಿದರು. ಆ ಬಿರುದು ಅಂದಿನಿಂದ ನಿಂತಿದೆ. ಬಿರುದು ಕೊಡುವುದು ಕೆಲಸ ಕೊಡುವುದಕ್ಕಿಂತ ಸುಲಭ ಎಂದು ಅಲ್ಲಿಯ ಕೆಲವರೇ ಗೊಣಗುತ್ತಾರೆ, ಅದೂ ಸುಳ್ಳಲ್ಲ. ಇನ್ನೊಂದು ಸಂಗತಿ ನನ್ನಂಥ ಉಪಾಧ್ಯಾಯನಿಗೆ ವಿಚಿತ್ರವೆನಿಸಿತು. ಮನೆಗೆಲಸಕ್ಕೆ ಹೊರಡುವವರು ವಿಮಾನ ಹತ್ತುವ ಮೊದಲು ಸರಕಾರದ ಒಂದು ಶಿಕ್ಷಣವನ್ನು ಮುಗಿಸಬೇಕು. ಹೋಗುವ ನಾಡಿನ ಭಾಷೆ, ನಡೆನುಡಿಗಳ ಜೊತೆಗೆ ಮನಸ್ಸಿನ ಒತ್ತಡವನ್ನು ತಾಳಿಕೊಳ್ಳುವ ಪಾಠವೂ ಅದರಲ್ಲಿದೆ. ಅಗಲಿಕೆಗೆ ಪಾಠಪಟ್ಟಿ! ಆದರೆ ಅವರು ನಿಜವಾಗಿ ಕಲಿತುಕೊಂಡದ್ದೆಲ್ಲ ಪಾಠದ ಹೊರಗೆ, ಒಬ್ಬರಿಂದೊಬ್ಬರು.

ಅದನ್ನು ಹೇಳುವ ಮೊದಲು ಒಂದು ಪದದ ವಿಚಾರ. ಪಂಡಿತನಿಗೆ ಪದ ಕಂಡರೆ ಬಿಡುವ ಅಭ್ಯಾಸವಿಲ್ಲ, ಕ್ಷಮಿಸಬೇಕು. ನಮ್ಮ ವರ್ಣಮಾಲೆಯಲ್ಲಿ ಕವರ್ಗದ ಕೊನೆಗೆ ‘ಙ’ ಎಂಬ ಅಕ್ಷರವೊಂದಿದೆಯಲ್ಲ, ಇದರಿಂದ ತೊಡಗುವ ಒಂದು ಪದ ಹೇಳಿ ಎಂದು ಹುಡುಗರು ಎಲ್ಲಿ ಕೇಳಿಬಿಡುವರೋ ಎಂದು ಮೂವತ್ತು ವರ್ಷ ಅಂಜಿಕೊಂಡೇ ಕಲಿಸಿದ್ದೇನೆ. ಆ ಅಕ್ಷರಕ್ಕೆ ಫಿಲಿಪೀನ್ಸಿನ ತಗಾಲೋಗ್ ಭಾಷೆಯಲ್ಲಿ ಬಿಡುವಿಲ್ಲದ ಕೆಲಸ. ‘ಈಗ’ ಎನ್ನುವುದಕ್ಕೇ ಅವರು ‘ಙಯೋನ್’ ಎನ್ನುತ್ತಾರೆ. ಹಾಗೆಯೇ, ಮನೆಯವರಿಂದ ದೂರವಿರುವ ಸಂಕಟಕ್ಕೆ ಅವರ ಮಾತು ‘ಪಙುಙುಲೀಲ’. ಅದರ ಒಡಲಲ್ಲಿರುವ ಮೂಲಪದ ‘ಉಲೀಲ’; ಎಂದರೆ ಅನಾಥ, ತಬ್ಬಲಿ. ತಬ್ಬಲಿಯಾಗಿರುವಿಕೆ ಎಂದು ನಾವು ಕನ್ನಡಿಸಬಹುದು. ಮಗುವಿಗೆ ತಾಯಿ ದೂರವಾದರೂ ಅದೇ ಪದ, ತಾಯಿಗೆ ಮಗು ದೂರವಾದರೂ ಅದೇ ಪದ.

ನಮ್ಮಲ್ಲಿ ಈ ಸಂಕಟವನ್ನು ಹಾಡಿದವರು ಹೆಂಗಸರು, ಬೀಸುವ ಕಲ್ಲಿನ ಮುಂದೆ ಕುಳಿತು. ಆದರೆ ನಮ್ಮ ಹಾಡುಗಳಲ್ಲಿ ದೂರ ಹೋಗುವವಳು ಮಗಳು. ತಾಯಿ ತವರಿನ ಹೊಸ್ತಿಲಲ್ಲಿ ನಿಂತಿರುತ್ತಾಳೆ. ಹೊಟ್ಟೆಯ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ಪರರ ಮಕ್ಕಳಿಗೆ ಸ್ನಾನ ಮಾಡಿಸಲು ಕಡಲು ದಾಟಿದ ತಾಯಿಗೆ ನಮ್ಮ ಭಂಡಾರದಲ್ಲಿ ಹಾಡಿದೆಯೆ ಎಂದು ಹುಡುಕಿದೆ. ನನಗೆ ಸಿಕ್ಕಲಿಲ್ಲ.

ಇನ್ನು ಆ ಪೆಟ್ಟಿಗೆಯ ಮಾತು. ಅದರ ಹೆಸರು ‘ಬಲಿಕ್‌ಬಾಯನ್’ ಪೆಟ್ಟಿಗೆ. ‘ಬಲಿಕ್’ ಎಂದರೆ ಹಿಂದಿರುಗು. ‘ಬಾಯನ್’ ಎಂದರೆ ಊರು, ನಾಡು, ಜನ ಎಲ್ಲವೂ ಹೌದು. ಹೊರದೇಶದಲ್ಲಿರುವ ತಮ್ಮವರು ಊರಿಗೆ ಬಂದುಹೋಗಲಿ ಎಂದು 1973ರಲ್ಲಿ ಮಾರ್ಕೋಸ್ ಸರಕಾರ ಹೂಡಿದ ಯೋಜನೆಯಿಂದ ಆ ಪದ ರೂಢಿಗೆ ಬಂತು. ಊರಿಗೆ ಬರುವವನು ಬರಿಗೈಯಲ್ಲಿ ಬರಬಾರದೆಂಬುದು ನಮ್ಮಂತೆಯೇ ಅವರಲ್ಲೂ ಕಟ್ಟುನಿಟ್ಟಾದ ಪದ್ಧತಿ. ಹಾಗೆ ತರುವ ಕಾಣಿಕೆಗೆ ‘ಪಸಲೂಬೊಙ್’ ಎನ್ನುತ್ತಾರೆ. ಎದುರುಗೊಳ್ಳುವುದು ಎಂಬರ್ಥದ ಪದದಿಂದ ಹುಟ್ಟಿದ್ದು. ರಜೆಯಿಲ್ಲದೆ, ಹಣವಿಲ್ಲದೆ ತಾನು ಬರಲಾರದವನು ಕಾಣಿಕೆಯನ್ನಾದರೂ ಕಳಿಸಿಯಾನು ತಾನೆ? 1987ರಿಂದ ಅದಕ್ಕೆ ಸುಂಕದ ವಿನಾಯಿತಿಯೂ ದೊರೆಯಿತು.

ಹಡಗಿನಲ್ಲಿ ಹೋಗುವ ಈ ಪೆಟ್ಟಿಗೆಗೆ ತೂಕದ ಲೆಕ್ಕವಿಲ್ಲ, ಗಾತ್ರದ ಮೇಲೆ ಒಂದೇ ದರ. ಆದ್ದರಿಂದ ಬೆರಳು ತೂರದ ಹಾಗೆ ತುಂಬುತ್ತಾರೆ. ಡಬ್ಬಿಯ ಮಾಂಸ, ಚಾಕೊಲೇಟು, ಹಲ್ಲುಜ್ಜುವ ಪೇಸ್ಟು, ಶಾಂಪೂ, ಟವಲು, ಮಕ್ಕಳ ಬೂಟು. ಬೂಟಿನೊಳಗೆ ಖಾಲಿ ಉಳಿಯಬಾರದೆಂದು ಮಿಠಾಯಿ. ಸುತ್ತ ಅಂಟುಪಟ್ಟಿ ಸುತ್ತಿ ಸುತ್ತಿ, ನಾಲ್ಕು ಬದಿಗೂ ಹೆಸರು ಬರೆಯುತ್ತಾರೆ. ಮನೆಯ ಬಾಗಿಲಿಗೆ ತಲಪಲು ಒಂದೆರಡು ತಿಂಗಳು ಬೇಕು. ಅಲ್ಲಿ ಕ್ರಿಸ್ಮಸ್ ಹಬ್ಬದ ಸಡಗರ ಸೆಪ್ಟೆಂಬರಿನಲ್ಲೇ ತೊಡಗುತ್ತದೆ. ಹಬ್ಬಕ್ಕೆ ಸೇರಬೇಕಾದ ಪೆಟ್ಟಿಗೆಗಳು ಹೊರಡುವುದೂ ಆ ಹೊತ್ತಿಗೇ.

ಆ ಸಾಬೂನು, ಆ ಪೇಸ್ಟು ಮನಿಲಾದ ಅಂಗಡಿಗಳಲ್ಲಿ ಸಿಕ್ಕುವುದಿಲ್ಲವೆ? ಸಿಕ್ಕುತ್ತವೆ. ಹಣ ಕಳಿಸಿದರೆ ಸಾಲದೆ ಎಂದು ನಾನೂ ಕೇಳಿದೆ. ನನ್ನ ವಿದ್ಯಾರ್ಥಿನಿ ಹೇಳಿದಳು: “ಹಣ ಹೋದರೆ ಅಕ್ಕಿ ಅಂಗಡಿಯವನಿಗೂ ಶಾಲೆಯ ಶುಲ್ಕಕ್ಕೂ ಹೋಗುತ್ತದೆ ಸರ್. ಕಿರಿಯ ಮಗನಿಗೆ ನೀಲಿ ಬಣ್ಣ ಇಷ್ಟ ಎಂದು ನೀಲಿ ಟವಲನ್ನೇ ಹುಡುಕಿ ಮೂರು ಅಂಗಡಿ ಅಲೆಯುತ್ತಾಳಲ್ಲ, ಆ ಎರಡು ಗಂಟೆ ಅವಳು ಊರಿನಲ್ಲೇ ಇದ್ದ ಹಾಗೆ.” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. 2015ರಲ್ಲಿ ಅಲ್ಲಿಯ ಸುಂಕದ ಇಲಾಖೆಯವರು ಈ ಪೆಟ್ಟಿಗೆಗಳಲ್ಲಿ ಕೆಲವನ್ನು ಬಿಚ್ಚಿ ನೋಡುತ್ತೇವೆಂದಾಗ ಹೊರದೇಶಗಳಲ್ಲಿದ್ದವರೆಲ್ಲ ಸಿಡಿದೆದ್ದರು. ಕೊನೆಗೆ ಅಧ್ಯಕ್ಷರೇ ನಡುವೆ ಬಂದು, ಹಾಗೆ ಸುಮ್ಮಸುಮ್ಮನೆ ಬಿಚ್ಚಬೇಡಿ ಎಂದು ಆಜ್ಞೆ ಮಾಡಬೇಕಾಯಿತು. ಮರುವರ್ಷ ಶಾಸನವನ್ನೇ ತಿದ್ದಿ, ಒಂದೂವರೆ ಲಕ್ಷ ಪೆಸೊ ಬೆಲೆಯವರೆಗಿನ ವಸ್ತುಗಳನ್ನು ವರ್ಷಕ್ಕೆ ಮೂರು ಸಲ ಸುಂಕವಿಲ್ಲದೆ ಕಳಿಸಲು ಎಡೆಮಾಡಿಕೊಟ್ಟರು. ಬೇರೆಯವರ ಕೈ ಆಡಿದ ಪೆಟ್ಟಿಗೆಯನ್ನು ಮನೆಯವರು ಬಿಚ್ಚಬಾರದು ಎಂಬುದೇ ಅವರ ಸಿಟ್ಟಿನ ಮೂಲವಾಗಿದ್ದಿರಬೇಕು.

ಪೆಟ್ಟಿಗೆ ಒಬ್ಬಂಟಿಯ ಉಪಾಯವಾದರೆ, ಭಾನುವಾರ ಎಲ್ಲರೂ ಕೂಡಿ ಕಂಡುಕೊಂಡದ್ದು. ಇದನ್ನು ನೋಡಬೇಕಾದರೆ ಹಾಂಕಾಂಗ್ ನಗರಕ್ಕೆ ಹೋಗಬೇಕು. ಅಲ್ಲಿ ಹೊರದೇಶಗಳಿಂದ ಬಂದ ಮನೆಗೆಲಸದವರು ಮೂರು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಫಿಲಿಪೀನ್ಸಿನ ಹೆಂಗಸರು. 2003ರಿಂದ ಇರುವ ಕಟ್ಟಳೆಯಂತೆ ಅವರು ಯಜಮಾನರ ಮನೆಯಲ್ಲೇ ವಾಸಿಸಬೇಕು. ಆ ನಗರದಲ್ಲಿ ಶ್ರೀಮಂತರ ಮನೆಯೂ ಇಕ್ಕಟ್ಟು. ಕೆಲಸದವಳಿಗೆ ಅಡುಗೆಮನೆಯ ಮೂಲೆಯೋ ಮಗುವಿನ ಕೋಣೆಯ ನೆಲವೋ ದಕ್ಕಿದರೆ ಪುಣ್ಯ. ವಾರಕ್ಕೊಂದು ದಿನ ರಜೆ ಕಾನೂನಿನಂತೆ ಕೊಡಲೇಬೇಕು. ಆದರೆ ರಜೆಯ ದಿನ ಹೋಗುವುದೆಲ್ಲಿಗೆ?

ಅವರು ನಗರದ ನಟ್ಟನಡುವೆ, ಸೆಂಟ್ರಲ್ ಎಂಬ ಬ್ಯಾಂಕುಗಳ ಬಡಾವಣೆಗೆ ಹೋಗುತ್ತಾರೆ. ಅಲ್ಲಿ ಒಂದು ದೊಡ್ಡ ಬ್ಯಾಂಕಿನ ಕಟ್ಟಡದ ಕೆಳಭಾಗ ಗೋಡೆಯಿಲ್ಲದ ತೆರೆದ ಹಾದಿ. ವಾರವೆಲ್ಲ ಕೋಟು ತೊಟ್ಟವರು ಧಾವಿಸುವ ಆ ನೆಲದ ಮೇಲೆ ಭಾನುವಾರ ಬೆಳಗ್ಗೆ ರಟ್ಟಿನ ಹಾಳೆಗಳು ಹಾಸಿಕೊಳ್ಳುತ್ತವೆ. ಪಕ್ಕದ ಚೇಟರ್ ರಸ್ತೆಯಲ್ಲಿ ಅಂದು ವಾಹನಗಳಿಲ್ಲ, ಅಲ್ಲಿಯೂ ಹಾಗೆಯೇ. ಚಪ್ಪಲಿಯನ್ನು ರಟ್ಟಿನ ಅಂಚಿನಲ್ಲಿ ಸಾಲಾಗಿ ಬಿಟ್ಟು ಒಳಗೆ ಕೂರುತ್ತಾರೆ. ಗೋಡೆಯಿಲ್ಲದಿದ್ದರೂ ಅದು ಮನೆ ಎಂಬುದಕ್ಕೆ ಆ ಚಪ್ಪಲಿಯ ಸಾಲೇ ಸಾಕ್ಷಿ. ಒಂದೊಂದು ಸೀಮೆಯವರಿಗೆ, ಒಂದೊಂದು ಭಾಷೆಯವರಿಗೆ ಗೊತ್ತಾದ ಜಾಗ. ಹೊಸದಾಗಿ ಬಂದ ಹುಡುಗಿ ತನ್ನ ಊರಿನ ಮಾತು ಕೇಳಿದ ಕಡೆ ಹೋಗಿ ಕುಳಿತರಾಯಿತು, ‘ಕಬಾಯನ್’, ನಮ್ಮೂರವಳೆ, ಎಂದು ಎಲೆಗೆ ಅನ್ನ ಹಾಕುತ್ತಾರೆ. ಊಟ, ಇಸ್ಪೀಟು, ಪ್ರಾರ್ಥನೆ, ಕೂದಲು ಕತ್ತರಿಸುವುದು, ಉಗುರಿಗೆ ಬಣ್ಣ, ಪೆಟ್ಟಿಗೆ ಕಟ್ಟುವುದು, ಕುಣಿತದ ಅಭ್ಯಾಸ ಎಲ್ಲವೂ ಅಲ್ಲೇ. ಸೌಂದರ್ಯಸ್ಪರ್ಧೆಗಳನ್ನೂ ನಡೆಸುತ್ತಾರೆ, ನಗಬೇಡಿ. ಆರು ದಿನ ಬಕೆಟ್ಟು ಹಿಡಿದವಳು ಏಳನೆಯ ದಿನ ಕಿರೀಟವಿಟ್ಟುಕೊಂಡು ನಡೆದು, ಕತ್ತಲಾಗುವುದರೊಳಗೆ ಯಜಮಾನರ ಮನೆಗೆ ಓಡುವುದನ್ನು ಒಂದು ಸಾಕ್ಷ್ಯಚಿತ್ರವಾಗಿ ತೆಗೆದಿದ್ದಾರೆ. 2016ರಲ್ಲಿ ಮನಿಲಾದ ಚಿತ್ರೋತ್ಸವದಲ್ಲಿ ಅದಕ್ಕೇ ಮೊದಲ ಬಹುಮಾನ ಬಂತು.

1992ರಲ್ಲಿ, ಈ ಗುಂಪಿನಿಂದ ಬಡಾವಣೆಯ ಅಂದ ಕೆಡುತ್ತದೆಂದು, ಭಾನುವಾರವೂ ಆ ರಸ್ತೆಗೆ ವಾಹನ ಬಿಡಬೇಕೆಂಬ ಒತ್ತಾಯ ಬಂದಿತ್ತು. ದೊಡ್ಡ ವಾಗ್ವಾದವೇ ನಡೆಯಿತು. ಹೆಂಗಸರು ಜಾಗ ಬಿಡಲಿಲ್ಲ. ಅವರ ಕಡೆ ನಿಂತ ನಗರವಾಸಿಗಳೂ ಇದ್ದರು.

ನಾಲಗೆಯ ಹಂಬಲವೂ ಸಣ್ಣದಲ್ಲ. ಅವರ ಮನೆಮನೆಯ ಸಾರು ‘ಸಿನಿಗಾಂಗ್’. ಹುಳಿಗೆ ಹುಣಸೆಯನ್ನೇ ಹಾಕುತ್ತಾರೆಂದು ತಿಳಿದಾಗ ನನಗೆ ಆ ಜನ ಇದ್ದಕ್ಕಿದ್ದಂತೆ ಹತ್ತಿರದವರಾದರು. ನುಗ್ಗೆಸೊಪ್ಪನ್ನೂ ಅವರು ಬಿಡುವುದಿಲ್ಲ. ಪರಸ್ಥಳದಲ್ಲಿ ಎಳೆ ಹುಣಸೆಕಾಯಿ ಎಲ್ಲಿಂದ ಬರಬೇಕು? ಪೊಟ್ಟಣದ ಪುಡಿಯಲ್ಲಿ ಸಮಾಧಾನ. ಅವರ ಸೀಗಡಿಯ ಹುದುಗುಗೊಜ್ಜಿನ ವಾಸನೆಯನ್ನು ಬೇರೆಯವರು ತಾಳಲಾರರು. ಕೋಣೆಯಲ್ಲಿ ಆತೆ ಅದರ ಬಾಟಲಿ ತೆರೆದ ದಿನ ನಮ್ಮ ಹುಡುಗಿ ಮೊದಮೊದಲು ಮೊಗಸಾಲೆಯಲ್ಲಿ ಮಲಗಿದ್ದುಂಟಂತೆ. ಇವಳ ಒಣಮೀನಿನ ಚಟ್ನಿಯ ದಿನ ಲೆಕ್ಕ ಸರಿಹೋಯಿತೆನ್ನಿ. 2018ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಎಂಬಲ್ಲಿ ಅವರ ದೇಶದ ಜಾಲಿಬೀ ಹೋಟೆಲು ತೆರೆದಾಗ ಜನ ಗಂಟೆಗಟ್ಟಲೆ ಸರದಿಯಲ್ಲಿ ನಿಂತರು. ಕೋಳಿ ಹುರಿದದ್ದು, ಜೊತೆಗೆ ಅನ್ನ, ಸಿಹಿಯಾದ ಶಾವಿಗೆ. ಆಂಗ್ಲರಿಗೆ ಅದರಲ್ಲೇನು ವಿಶೇಷವೋ ತಿಳಿಯಲಿಲ್ಲವಂತೆ.

ದನಿಯ ಮಾತನ್ನು ಆಕಾಶವಾಣಿಯಲ್ಲಿ ಹೇಳದಿದ್ದರೆ ಹೇಗೆ? ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಮರಳುಗಾಡಿನ ಶಿಬಿರಗಳಿಗೆ ಕಾಗದ ಬರಲು ವಾರಗಳೇ ಬೇಕಾಗುತ್ತಿದ್ದವು. ದೂರವಾಣಿ ಕೈಗೆಟುಕದಷ್ಟು ದುಬಾರಿ. ಆಗ ಅವರು ಕ್ಯಾಸೆಟ್ಟಿನಲ್ಲಿ ಮಾತಾಡಿ ಟಪಾಲಿಗೆ ಹಾಕುತ್ತಿದ್ದರು. ಊರಿನಲ್ಲಿ ಮನೆಮಂದಿಯೆಲ್ಲ ಸುತ್ತ ಕುಳಿತು ಕೇಳಿ, ಅದೇ ಪಟ್ಟಿಯ ಮೇಲೆ ಮರುಮಾತು ತುಂಬಿ ಕಳಿಸುತ್ತಿದ್ದರು. ನಡುವೆ ನಾಯಿ ಬೊಗಳಿದ್ದು, ಮಗು ಅತ್ತದ್ದು ಎಲ್ಲವೂ ಅದರೊಳಗೆ ಸೇರಿ ಹೋಗುತ್ತಿತ್ತು. ಕೇಳುವವನಿಗೆ ಮಾತಿಗಿಂತ ಅವೇ ಹೆಚ್ಚು ಹಿತವಾಗಿರುತ್ತಿದ್ದಿರಬೇಕು. ಮನಿಲಾದ ಬಾನುಲಿಯಲ್ಲಿ ಎಡ್ಡಿ ಇಲಾರ್ದೆ ಎಂಬವರು ಜನರ ಕಷ್ಟದ ಕಾಗದಗಳನ್ನು ಓದಿ ಬುದ್ಧಿಮಾತು ಹೇಳುತ್ತಿದ್ದರು. ಜನ ಅವರನ್ನು ‘ಕುಯಾ ಎಡ್ಡಿ’ ಎನ್ನುತ್ತಿದ್ದರು, ಎಡ್ಡಿ ಅಣ್ಣ ಎಂದರ್ಥ. ಅರಬರ ನಾಡಿನ ಕೂಲಿಯೊಬ್ಬ, ತಾನಿಲ್ಲದಾಗ ಸಂಸಾರ ಒಡೆದ ದುಃಖವನ್ನು ಆ ಅಣ್ಣನಿಗೆ ತೋಡಿಕೊಳ್ಳುವ ಹಾಡೊಂದನ್ನು ರೋಯೆಲ್ ಕೋರ್ತೆಸ್ ಹಾಡಿದರು. ಎಂಬತ್ತರ ದಶಕದಲ್ಲಿ ಆ ದೇಶದಲ್ಲಿ ಅದು ಮನೆಮಾತಾಯಿತು.

ಈಗ ಕೈಯಲ್ಲೇ ಫೋನಿದೆ, ಮುಖವೂ ಕಾಣುತ್ತದೆ. ಹಂಬಲ ಅಲ್ಲಿಗೆ ತೀರಿತೆ? ಇಂಗ್ಲೆಂಡಿನಲ್ಲಿ ದುಡಿಯುವ ಫಿಲಿಪೀನ್ಸ್ ತಾಯಂದಿರನ್ನೂ ಊರಲ್ಲಿ ಉಳಿದ ಅವರ ಮಕ್ಕಳನ್ನೂ ಮಾತಾಡಿಸಿ ಮಡಿಯಾನು ಮತ್ತು ಮಿಲ್ಲರ್ ಎಂಬ ವಿದ್ವಾಂಸರು 2012ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಫೋನು ಬಂದ ಮೇಲೆ ತಾವು ಮತ್ತೆ ತಾಯಂದಿರಾದೆವು ಎಂಬುದು ತಾಯಂದಿರ ಭಾವನೆ. ಪಾಠ ಬರೆದೆಯಾ, ಉಂಡೆಯಾ ಎಂದು ಕೇಳಬಹುದು. ಗಣಕದ ಪರದೆಯನ್ನು ಗಂಟೆಗಟ್ಟಲೆ ತೆರೆದಿಟ್ಟು, ಮಾತಿಲ್ಲದೆ, ಅತ್ತ ಮಗು ಓದುತ್ತಿರಲು ಇತ್ತ ತಾಯಿ ಅಡುಗೆ ಮಾಡುವುದೂ ಉಂಟು. ಆದರೆ ಮಕ್ಕಳ ಅಭಿಪ್ರಾಯ ಅಷ್ಟು ಸರಳವಾಗಿರಲಿಲ್ಲ. ಕೆಲವರಿಗೆ ಅದು ಹಿತ. ಬೆಳೆದ ಕೆಲವರಿಗೆ, ಹತ್ತಿರವಿದ್ದು ಸಾಕಬೇಕಾದಾಗ ಇಲ್ಲದವರು ಈಗ ದೂರದಿಂದ ಕಾವಲು ಕಾಯುತ್ತಿದ್ದಾರೆಂಬ ಕಸಿವಿಸಿ. ಇದಕ್ಕೂ ಮೊದಲು, 2005ರಲ್ಲಿ, ಪಾರೆನ್ಯಾಸ್ ಎಂಬ ವಿದುಷಿ ಇಂಥ ಮಕ್ಕಳನ್ನು ಕುರಿತೇ ಪುಸ್ತಕ ಬರೆದಿದ್ದರು. ತಂದೆ ಹೋದರೆ ಮಕ್ಕಳು ಅದನ್ನು ದುಡಿಮೆ ಎನ್ನುತ್ತಾರೆ, ತಾಯಿ ಹೋದರೆ ತೊರೆದು ಹೋದಳೆನ್ನುತ್ತಾರೆ. ಅತ್ತೆ, ಅಜ್ಜಿ, ದೊಡ್ಡಕ್ಕ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಆ ಭಾವನೆ ಹೋಗದು ಎಂದು ಅವರು ಕಂಡರು. 2000ದಲ್ಲಿ ಬಂದ ‘ಅನಾಕ್’ ಎಂಬ ಚಿತ್ರದಲ್ಲಿ, ‘ಮಗು’ ಎಂದು ಅದರರ್ಥ, ಹಾಂಕಾಂಗಿನಿಂದ ಕಾಣಿಕೆ ಹೊತ್ತು ಮರಳಿದ ತಾಯಿಗೆ ಮಕ್ಕಳ ಸಿಟ್ಟೇ ಸ್ವಾಗತ. ಆ ದೇಶದ ಜನ ಅದನ್ನು ಮುಗಿಬಿದ್ದು ನೋಡಿದರೆಂದರೆ ತಮ್ಮ ಮನೆಯ ಕಥೆಯನ್ನೇ ಕಂಡಿರಬೇಕು.

ಹಡಗುಗಳಲ್ಲಿರುವ ಗಂಡಸರ ಕಥೆ ಬೇರೆ. ಲೋಕದ ನಾವಿಕರಲ್ಲಿ ನಾಲ್ಕೈದು ಮಂದಿಗೊಬ್ಬ ಫಿಲಿಪೀನ್ಸಿನವನು. ಅವನ ಮೂಲವೇತನದಲ್ಲಿ ನೂರಕ್ಕೆ ಎಂಬತ್ತು ಭಾಗ ಮನೆಗೇ ಹೋಗಬೇಕೆಂದು ಕಟ್ಟಳೆ. ತಿಂಗಳುಗಟ್ಟಲೆ ನೀರಿನ ಮೇಲೆ. ಸಂಜೆ ಸಂಗೀತದ ಯಂತ್ರದ ಮುಂದೆ ಸರದಿಯ ಮೇಲೆ ಹಾಡುವುದೇ ಅವರ ದೊಡ್ಡ ಸಮಾಧಾನ.

ಈ ಉಪಾಯಗಳಿಗೆಲ್ಲ ಒಂದು ಆಧಾರ ಬೇಕು: ವಾರಕ್ಕೊಂದು ದಿನ, ಬೀದಿಗೆ ಬರುವ ಸ್ವಾತಂತ್ರ್ಯ, ಕೈಯಲ್ಲೊಂದು ಫೋನು. ಅವು ಎಲ್ಲರಿಗೂ ಇಲ್ಲ. ಸಿಂಗಪುರದಲ್ಲಿ ಮನೆಗೆಲಸದವರಿಗೆ ವಾರದ ರಜೆ ಕಾನೂನಾದದ್ದು 2013ರಲ್ಲಿ. ಅದಕ್ಕೆ ಬದಲು ಹಣ ಕೊಟ್ಟು ದುಡಿಸಿಕೊಳ್ಳಲು ಎಡೆಯಿತ್ತು. ತಿಂಗಳಿಗೆ ಒಂದು ದಿನವಾದರೂ ಬಿಡಲೇಬೇಕೆಂದದ್ದು 2023ರಲ್ಲಿ. ಪಾಸ್‌ಪೋರ್ಟನ್ನು ಯಜಮಾನರೇ ಇಟ್ಟುಕೊಂಡು ಬಾಗಿಲಾಚೆ ಬಿಡದ ಮನೆಗಳೂ ಕೆಲವು ನಾಡುಗಳಲ್ಲಿವೆ. ಅಂಥಲ್ಲಿ ಹಂಬಲವನ್ನು ತಾಳಿಕೊಳ್ಳುವ ಪಾಠದಿಂದ ಏನು ಪ್ರಯೋಜನ? 1995ರಲ್ಲಿ ಸಿಂಗಪುರದಲ್ಲಿ ಫ್ಲೋರ್ ಕಾಂತೆಂಪ್ಲಾಸಿಯೋನ್ ಎಂಬ ಮನೆಗೆಲಸದಾಕೆಯನ್ನು ಕೊಲೆಯ ಅಪರಾಧಕ್ಕಾಗಿ ಗಲ್ಲಿಗೇರಿಸಿದಾಗ ಅವಳ ನಾಡಿನಲ್ಲಿ ಎದ್ದ ಅಳಲು, ಆ ಒಬ್ಬಳಿಗಾಗಿ ಮಾತ್ರ ಎದ್ದುದಲ್ಲ. ಹೊರಗೆ ದುಡಿಯುವವರ ರಕ್ಷಣೆಯ ಶಾಸನ ಅದೇ ವರ್ಷ ಬಂತು.

ನನ್ನ ವಿದ್ಯಾರ್ಥಿನಿ ಹೊರಡುವ ಹೊತ್ತಿಗೆ ಮತ್ತೊಂದು ಸಂಗತಿ ಹೇಳಿದಳು. ಆತೆ ಹನ್ನೊಂದು ವರ್ಷದಿಂದ ಹೊರಗಿದ್ದಾಳೆ. ಅವಳ ಮಂಚದ ಪಕ್ಕದ ಗೋಡೆಯ ಮೇಲೆ ಮಗಳ ಪಾದದ ಗುರುತುಗಳಿವೆ. ಬೂಟಿನ ಅಳತೆಗೆಂದು ಅಜ್ಜಿ ಪ್ರತಿವರ್ಷ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ, ಸುತ್ತ ಪೆನ್ಸಿಲಿನಿಂದ ಗೀಟು ಎಳೆದು ಕಳಿಸಿದವು. ಈಗ ಅಳತೆಯನ್ನು ಫೋನಿನಲ್ಲೇ ಹೇಳಬಹುದು. ಆದರೂ ಆತೆ ಕಾಗದವೇ ಬೇಕೆಂದು ಹಟ ಹಿಡಿದು ತರಿಸುತ್ತಾಳಂತೆ. ಮೊನ್ನೆ ಬಂದ ಕಾಗದವನ್ನು ನೆಲದ ಮೇಲಿಟ್ಟು ತನ್ನ ಪಾದವನ್ನು ಅದರ ಮೇಲಿಟ್ಟು ನೋಡಿದಳು. ಗೀಟು ಹೊರಗೆ ಕಾಣುತ್ತಿತ್ತು. “ಆಮೇಲೆ ಏನು ಮಾಡಿದಳು?” ಎಂದು ನನ್ನ ಹೆಂಡತಿ ಕೇಳಿದಳು.

“ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದಳು, ಅಮ್ಮ.”